ಪೆಟ್ಟಿಗಿ ಬೇಸ್ ಐತೇನ್ರಿ?

ಸದ್ದಿನ ವ್ಯಾಪಾರಕ್ಕೆ ಕುಳಿತವನಿಗೆ ಒಂದು ದಿನವೂ ಸದ್ದಿಲ್ಲದೆ ಕಳೆಯುವುದಿಲ್ಲ. ಅದರಲ್ಲೂ ಗುಡಗೇರಿಯಲ್ಲಿ ಅಂಗಡಿ ಇಟ್ಟರೆ, ನೀವು ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದರೂ ಸಾಕು, ಯಾರಾದರೊಬ್ಬರು ಬಂದು ನಿಮ್ಮ ಆ ದಿನವನ್ನು ನೆನಪಿಡುವಂತೆ ಮಾಡಿ ಹೋಗುತ್ತಾರೆ.

ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಲ್ಲಿ ಎರಡು ವರ್ಷ ರೇಡಿಯೋ ರಿಪೇರಿ ಕಲಿತು ಬಂದು ನಾನು ಸ್ಟೇಶನ್ ರಸ್ತೆಯಲ್ಲಿ ಅಂಗಡಿ ತೆರೆದಿದ್ದೆ. ಆಗಷ್ಟೇ ಊರಿನ ಏಳೆಂಟು ಮನೆಗಳಿಗೆ ಟೀವಿ ಬಂದಿತ್ತು. ಟೀವಿಯ ಹಿಂದೆಯೇ ವೀಸೀಆರ್ ಬಂತು, ವೀಸೀಆರಿನ ಹಿಂದೆ ಮನೆಯನ್ನೇ ಟಾಕೀಸು ಮಾಡುವ ಹುಚ್ಚು ಬಂತು. ಚಿತ್ರವೇನೋ ಕಾಣುತ್ತಿತ್ತು. ಆದರೆ ಟೀವಿಯ ಸ್ವಂತ ಸ್ಪೀಕರಿನಲ್ಲಿ ಬಾಂಬು ಸಿಡಿದರೂ ಹಪ್ಪಳ ಮುರಿದಷ್ಟೇ ಕೇಳುತ್ತಿತ್ತು.

"ಟಾಕೀಸಿನ್ಯಾಗ ಎದಿ ದಡದಡ ಅಂತೈತಲ್ಲ, ಹಂಗ ಆಗಬೇಕು. ಆದ್ರ ಪೆಟ್ಟಿಗಿ ಮಾತ್ರ ಸಣ್ಣದಿರಬೇಕು" ಎಂದು ಎಲ್ಲರದೂ ಒಂದೇ ರಾಗ. ಸರಿ, ನಾನು ಎಂಟಿಂಚಿನ ಸ್ಪೀಕರ್ ತಂದು, ಬಡಿಗೇರರಿಂದ ದಪ್ಪ ಸಾಗವಾನಿ ಹಲಗೆ ಕೊಯ್ಸಿ, ಒಂದು ಮೊಳ ಎತ್ತರದ ಬೇಸ್ ಪೆಟ್ಟಿಗೆ ಮಾಡಿಸಿದೆ. ದಪ್ಪ ದನಿ ಬರಲಿಕ್ಕೆಂದೇ ಬೇರೆ ಪೆಟ್ಟಿಗೆ. ಸುತ್ತಲಿನ ಹತ್ತೂರಿನಲ್ಲಿ ಅಂಥದ್ದು ಇರಲಿಲ್ಲ. ಅಂಥದ್ದು ಬೇಕೆಂದು ಯಾರಿಗೂ ನಿಜವಾಗಿ ಅನಿಸಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮಪ್ಪನದು ನಮ್ಮದೇ ಓಣಿಯ ಕೊನೆಯಲ್ಲಿ ಅಡತಿ ಅಂಗಡಿ. ರೈತರು ತಂದ ಕಾಳನ್ನು ಮಾರಿಸಿಕೊಡುವ ವ್ಯವಹಾರ. ಮಗ ತನ್ನ ಗಾದಿಯ ಪಕ್ಕ ಕೂರುವುದು ಬಿಟ್ಟು ವೈರು ಸುಲಿಯುತ್ತಾ ಕೂತಿದ್ದಾನೆಂಬುದು ಅವನ ಎದೆಯ ಮುಳ್ಳು. ಪೆಟ್ಟಿಗೆಯನ್ನು ಒಂದು ಸಲ ನೋಡಿ, ತೀರ್ಪು ಕೊಟ್ಟುಬಿಟ್ಟ:

"ದೀಪಾವಳಿಯೊಳಗ ಊರಾಗ ಒಬ್ಬರರ ಇದನ್ನ ತಗೊಂಡ್ರ ನಿನ್ನ ಅಂಗಡಿ ನೀ ನಡಸು. ಇಲ್ಲಾಂದ್ರ ಬಾಗಲಾ ಹಾಕಿ ನನ್ನ ಬಾಜೂಕ ಬಂದು ಕುಂಡ್ರು."

ನನಗೆ ಜೋಳದ ಧೂಳು ಕಂಡರೆ ಸೀನು, ಬೆಸುಗೆಯ ಹೊಗೆ ಕಂಡರೆ ಜೀವ. ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಹೆದರಿಕೆಯೇ ಆಯಿತು. ದೀಪಾವಳಿಗೆ ಎರಡು ತಿಂಗಳಿತ್ತು.

ಬೇಸ್

ಮೊದಲು ಬಂದವರು ಸೊಸೈಟಿಯ ಸೆಕ್ರೆಟರಿ. ಯಾವ ವಸ್ತುವನ್ನಾದರೂ ಅನುಮಾನದಿಂದಲೇ ನೋಡುವ ಅಭ್ಯಾಸ ಅವರಿಗೆ ಕೆಲಸದಿಂದಲೇ ಬಂದದ್ದು.

"ಏನ್ ಐತಿ ಇದರಾಗ?"

"ಬೇಸ್ ಐತ್ರಿ."

ನಮ್ಮ ಕಡೆ ಚೆನ್ನಾಗಿದೆ ಎನ್ನಲಿಕ್ಕೂ ಬೇಸ್ ಐತಿ ಎಂದೇ ಅನ್ನುತ್ತಾರೆ ಎಂಬುದು ಆ ಕ್ಷಣ ನನ್ನ ತಲೆಗೆ ಹೊಳೆಯಲಿಲ್ಲ.

"ಬೇಸ್ ಇರಾಕಬೇಕಲ್ಲಪಾ, ಕೆಟ್ಟದ್ದನ್ನ ಯಾರ ತಗೋತಾರ? ಒಳಗ ಏನೈತಿ ಅಂತ ಕೇಳಾಕತ್ತೇನಿ."

"ಅದ ರೀ, ಒಳಗ ಬೇಸ್ ಐತ್ರಿ."

"ಒಳಗೂ ಬೇಸ್ ಐತಿ, ಹೊರಗೂ ಬೇಸ್ ಐತಿ. ಆದ್ರ ಇರೂದರ ಏನು?"

ಬಾಯಿ ಮಾತಿನಿಂದ ಆಗುವುದಿಲ್ಲವೆಂದು ವೈರು ಸಿಕ್ಕಿಸಿ ಪೆಟ್ಟಿಗೆ ಹಚ್ಚಿಯೇ ಬಿಟ್ಟೆ. ಸೆಕ್ರೆಟರಿ ಕಿವಿ ಹತ್ತಿರ ತಂದು ಬಹಳ ಹೊತ್ತು ಕೇಳಿದರು.

"ಮಾತ ಕೇಳಸವಲ್ದು. ಬರೇ ಗುಂ ಗುಂ ಅನ್ನಾಕತ್ತೈತಿ."

"ಮಾತು ಟೀವಿಯೊಳಗ ಬರತಾವ್ರಿ. ಇದರ ಕೆಲಸಾ ಬರೇ ಗುಂ ಅನ್ನೂದು."

"ಅಂದ್ರ ಒಂದ ಮಾತೂ ಆಡೂದಿಲ್ಲ, ಮೂಲ್ಯಾಗ ಕುಂತು ಗುರುಗುಟ್ಟತೈತಿ?"

"ಹೌದ್ರಿ."

"ಬ್ಯಾಡಪಾ. ಅಂಥಾದ್ದೊಂದು ನಮ್ಮ ಮನ್ಯಾಗ ಮೊದಲ ಐತಿ. ನಮ್ಮ ಮಾವ."

ಸುಳಿ

ಎರಡನೆಯವರು ಸಂಶಿಯ ಕಡೆಯ ದೊಡ್ಡ ಕಮತದವರು. ಎತ್ತು ಆರಿಸುವುದರಲ್ಲಿ ಅವರ ಮಾತೇ ಮಾತು. ಅವರು ನಿಂತು ನೋಡಿದ ಎತ್ತನ್ನು ಆಮೇಲೆ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಟೀವಿ ತಂದು ತಿಂಗಳಾಗಿತ್ತು, ಅದಕ್ಕೆ ಜೊತೆ ಬೇಕಾಗಿತ್ತು.

ಬಂದವರು ಪೆಟ್ಟಿಗೆಗೆ ಮೂರು ಸುತ್ತು ಹಾಕಿದರು. ಮುಂದೆ ಕುಕ್ಕರಗಾಲಲ್ಲಿ ಕೂತು ಸ್ಪೀಕರಿನ ಬಾಯಿ ನೋಡಿದರು. ಹಿಂದೆ ಹೋಗಿ ವೈರನ್ನು ಎತ್ತಿ ನೋಡಿದರು. ನಾನು ಹಚ್ಚಿ ತೋರಿಸುತ್ತೇನೆಂದರೆ ಬೇಡವೆಂದು ಕೈ ಮಾಡಿದರು. ಹೂಡಿ ನೋಡುವುದು ಕೊನೆಗಂತೆ, ಮೊದಲು ಲಕ್ಷಣ. ಪೆಟ್ಟಿಗೆಯ ಮೇಲುಭಾಗದ ಮೇಲೆ ಅಂಗೈ ಆಡಿಸುತ್ತಾ ಬಂದವರ ಕೈ ಗಕ್ಕನೆ ನಿಂತಿತು.

"ತಮ್ಮಾ, ಬೆನ್ನ ಮ್ಯಾಲ ಸುಳಿ ಐತಲ್ಲೋ!"

ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ನಿಂತ ಜಾಗಕ್ಕೆ ಸುಳಿ ಎನ್ನುತ್ತಾರೆ. ಅದು ಕೆಟ್ಟ ಜಾಗದಲ್ಲಿದ್ದರೆ ಎತ್ತು ಎಷ್ಟೇ ಗಟ್ಟಿಯಿದ್ದರೂ ಯಾರೂ ಮನೆಗೆ ಹೊಡೆದುಕೊಂಡು ಹೋಗುವುದಿಲ್ಲ. ಇಲ್ಲಿ ಇದ್ದದ್ದು ಸಾಗವಾನಿ ಹಲಗೆಯ ಒಂದು ಗಂಟು.

"ಅದು ಕಟಗಿ ಗಂಟ್ರೀ ಕಾಕಾ."

"ಗಂಟ ಇರಲಿ, ಕೂದಲ ಇರಲಿ, ಸುಳಿ ಅಂದ್ರ ಸುಳಿ."

ಗಿರಾಕಿ ಕೈ ಬಿಟ್ಟು ಹೋಗಬಾರದಲ್ಲ! ನಾನು ಜಾಣತನ ಮಾಡಿ ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ ಇಟ್ಟೆ. "ನೋಡ್ರಿ ಕಾಕಾ, ಈಗ ಬೆನ್ನ ಮ್ಯಾಲ ಏನೂ ಇಲ್ಲ."

ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. "ಹೊಟ್ಟಿ ಕೆಳಗ ತಂದೆಲ್ಲೋ ಮಾರಾಯಾ! ಬೆನ್ನ ಮ್ಯಾಲಿದ್ರ ತಗೊಂಡಾಂವಗಷ್ಟ ಕಾಟ. ಹೊಟ್ಟಿ ಕೆಳಗಿದ್ರ ಮಾರಾಂವನ್ನೂ ಬಿಡೂದಿಲ್ಲ."

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಸಪ್ಪಗೆ ನಿಂತದ್ದು ನೋಡಿ ಕರುಣೆ ಬಂದಿರಬೇಕು. ಹೊಸ್ತಿಲಲ್ಲಿ ತಿರುಗಿ ಹೇಳಿದರು:

"ಮುಂದ ಇದರ ಕರಾ ಸುಳಿ ಇಲ್ದಂಗ ಹುಟ್ಟಿದ್ರ ಹೇಳಿ ಕಳಸು. ನೋಡೂಣು."

ನಲವತ್ತು ವಾಟ್

ಇದು ಸಣ್ಣ ಪ್ರಸಂಗ. ಪಂಚಾಯ್ತಿ ಚುನಾವಣೆಯಲ್ಲಿ ಆಗಷ್ಟೇ ಸೋತ ಧಣಿಯೊಬ್ಬರು ಮನಸ್ಸು ಹಗುರ ಮಾಡಿಕೊಳ್ಳಲು ವೀಸೀಆರ್ ತಂದಿದ್ದರು. ಪೆಟ್ಟಿಗೆ ಕೇಳಿದರು, ಮೆಚ್ಚಿದರು, ಎತ್ತಿಸಿ ಟ್ರ್ಯಾಕ್ಟರಿಗೆ ಹಾಕಿಸಲಿಕ್ಕೂ ಹೇಳಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ವ್ಯಾಪಾರಿಯ ನಾಲಗೆ ತಡೆಯಬೇಕಲ್ಲ.

"ಸಣ್ಣದಂತ ತಿಳೀಬ್ಯಾಡ್ರಿ ಧಣೀ, ಇದು ಬರೋಬ್ಬರಿ ನಲವತ್ತು ವಾಟ್ ಐತ್ರಿ."

ಅವರ ಮುಖ ಕಪ್ಪಿಟ್ಟಿತು. "ಎಷ್ಟು ವೋಟ್?"

"ನಲವತ್ತು ವಾಟ್ ರೀ."

"ಇಳಸಲೇ ಅದನ್ನ! ನಾ ಸೋತದ್ದ ನಲವತ್ತು ವೋಟಿನ್ಯಾಗ. ದಿನಾ ಮನ್ಯಾಗ ಕುಂತು ಅದನ್ನ ಕೇಳಲೇನು?"

ಕೌದಿ

ಹೈಸ್ಕೂಲಿನ ಹೆಡ್‌ಮಾಸ್ತರರ ಮನೆಯಲ್ಲಿ ಆಯ್ಕೆಯ ಕೆಲಸವೆಲ್ಲ ಅವರ ಹೆಂಡತಿಯದು. ಊರಿಗೆಲ್ಲ ಅವರು ವೈನಿ, ಎಂದರೆ ಅತ್ತಿಗೆ. ವೈನಿಗೆ ಪೆಟ್ಟಿಗೆ ನೋಡಿದ ಕೂಡಲೇ ಹಿಡಿಸಿತು. ಎಂಟು ದಿನ ಮನೆಯಲ್ಲಿಟ್ಟು ನೋಡಿ ಹೇಳುತ್ತೇವೆಂದು ಒಯ್ದರು. ಮೂರನೆಯ ದಿನ ಕರೆ ಬಂತು, ಆವಾಜೇ ಇಲ್ಲವಂತೆ.

ಹೋಗಿ ನೋಡಿದೆ. ಪೆಟ್ಟಿಗೆಯನ್ನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಅದರ ಮೇಲೆ ಹಳೆ ಸೀರೆಗಳನ್ನು ಸೇರಿಸಿ ಹೊಲಿದ ನಾಲ್ಕು ಪದರಿನ ಕೌದಿ ಹೊಚ್ಚಿದ್ದರು. ಕೌದಿಯ ಮೇಲೆ ಕಸೂತಿಯ ಬಟ್ಟೆ, ಅದರ ಮೇಲೆ ಮಣಿಯಲ್ಲಿ ಮಾಡಿದ ಎರಡು ಗಿಳಿ. ಆ ಸ್ಥಿತಿಯಲ್ಲಿ ನನಗೂ ದನಿ ಹೊರಡುತ್ತಿರಲಿಲ್ಲ.

"ಕೌದಿ ತಗೀರಿ ವೈನಿ, ಆವಾಜ್ ಬರತೈತಿ."

"ಕೌದಿ ತಗದ್ರ ಪೆಟ್ಟಿಗಿ ಕಾಣತೈತಿ."

"ಕಾಣಲಿ ಬಿಡ್ರಿ."

"ಕಾಣೂದ ಇದ್ರ ಸಣ್ಣದ ಯಾಕ ಕೇಳತಿದ್ದೆ? ದೊಡ್ಡದ ತರತಿದ್ದೆ."

ಒಂಬತ್ತನೆಯ ದಿನ ಪೆಟ್ಟಿಗೆ ನನ್ನ ಅಂಗಡಿಗೆ ವಾಪಸು ಬಂತು.

ಹದಿನೈದು ದಿನ ಬಿಟ್ಟು ಟೀವಿಯ ಗುಬುಟು ತಿರುಗುತ್ತಿಲ್ಲವೆಂದು ಮತ್ತೆ ಕರೆದರು. ಪಡಸಾಲೆಯ ತುಂಬ ಓಣಿಯ ಹೆಣ್ಣುಮಕ್ಕಳು ಕೂತಿದ್ದರು. ಮೂಲೆಯಲ್ಲಿ ನೋಡಿದರೆ ಅದೇ ಕೌದಿ, ಅದೇ ಗಿಳಿಗಳು, ಅದೇ ಎತ್ತರ. ನನ್ನ ಪೆಟ್ಟಿಗೆ ನನ್ನ ಅಂಗಡಿಯಲ್ಲಿದೆ, ಹಾಗಾದರೆ ಇದು ಯಾವುದು? ಹುಬ್ಬಳ್ಳಿಯವರು ಯಾರೋ ಬಂದು ಮಾರಿ ಹೋಗಿರಬೇಕು ಅಂದುಕೊಂಡೆ.

"ಆ ಪೆಟ್ಟಿಗಿ ಬಂದಾಗಿಂದ ಇವರ ಟೀವಿ ಅಗದಿ ಬದಲಾಗೇತ್ರಿ. ಎದ್ಯಾಗ ಗುಂ ಅಂತೈತಿ" ಎಂದು ಒಬ್ಬಾಕೆ ನನಗೇ ಹೇಳಿದಳು. ಉಳಿದವರೆಲ್ಲ ಹೌದು ಹೌದು ಅಂದರು.

ಎಲ್ಲರೂ ಚಹಾಕ್ಕೆಂದು ಒಳಗೆದ್ದು ಹೋದಾಗ ನಾನು ಮೆಲ್ಲಗೆ ಕೌದಿಯ ಚುಂಗು ಎತ್ತಿದೆ. ಒಳಗಿದ್ದದ್ದು ಜೋಳದ ಹಿಟ್ಟಿನ ಡಬ್ಬಿ. ಹಿಂದೆ ನಿಂತಿದ್ದ ಹೆಡ್‌ಮಾಸ್ತರರು ನನ್ನ ಹೆಗಲ ಮೇಲೆ ಕೈಯಿಟ್ಟು ಪಿಸುಗುಟ್ಟಿದರು:

"ಸುಮ್ಮನಿರಪಾ. ಹಿಟ್ಟು ಬೀಸಿಕೊಂಡು ಬಂದ ದಿನಾ ಆವಾಜ್ ಇನ್ನೂ ಛಲೋ ಬರತೈತಿ ಅಂತಾರ."

ಗೌಡರ ಮಾಳಿಗೆ

ದೀಪಾವಳಿಗೆ ಇನ್ನು ಎರಡೇ ವಾರ. ಅಪ್ಪ ಗಾದಿಯ ಪಕ್ಕದ ಜಾಗವನ್ನು ಗುಡಿಸಿ, ಅಲ್ಲಿ ನಾನು ಒರಗಿ ಕೂರಲೆಂದು ಒಂದು ಹೊಸ ಲೋಡನ್ನೂ ಇರಿಸಿದ್ದ. ನನಗೆ ಊಟ ಸೇರುತ್ತಿರಲಿಲ್ಲ. ಅಂಥ ಹೊತ್ತಿಗೆ ನಮ್ಮ ಓಣಿಯ ತಲೆಯಲ್ಲಿದ್ದ ಗೌಡರ ಮನೆಯಿಂದ ಬುಲಾವ್ ಬಂತು.

ಗೌಡರದು ಹಳೆಯ ಮಣ್ಣಿನ ಮಾಳಿಗೆಯ ಮನೆ. ದಪ್ಪ ತೊಲೆ, ಮೇಲೆ ಹಲಗೆ, ಅದರ ಮೇಲೆ ಒಂದು ಮೊಳ ಮಣ್ಣು. ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು ಒಂದು ಹೊಡೆದಾಟದ ಸಿನೆಮಾ ಹಾಕಿದೆ. ಓಣಿಯ ಅರ್ಧ ಜನ ಅಲ್ಲೇ ಇದ್ದರು. ಹೀರೋ ಮೊದಲ ಗುದ್ದು ಹಾಕಿದ. ಮಾಳಿಗೆಯಿಂದ ಮಣ್ಣು ಉದುರಿ ಚುರಮರಿಯ ತಾಟಿಗೆ ಬಿತ್ತು.

"ಶಾಬಾಸ್! ಇದು ಟಾಕೀಸ ನೋಡು" ಅಂದರು ಗೌಡರು.

ಎರಡನೆಯ ಗುದ್ದಿಗೆ ಒಂದು ಮಣ್ಣಿನ ಹೆಂಟೆಯೇ ಗೌಡರ ರುಮಾಲಿನ ಮೇಲೆ ಬಿತ್ತು. ಗೌಡರು ಶಾಬಾಸ್ ಅನ್ನಲಿಲ್ಲ. ಒಳಗಿನಿಂದ ಅವರ ತಾಯಿ, ಎಂಬತ್ತರ ಅಜ್ಜಿ, ಕೂಗುತ್ತಾ ಬಂದಳು: "ಬಂದ ಮಾಡ್ರಲೇ! ಮನಿ ಕೆಡವಾಕ ಹಚ್ಚೀರೇನು?"

ನನ್ನ ಕಣ್ಣ ಮುಂದೆ ಆ ಹೊಸ ಲೋಡು ಬಂದು ನಿಂತಿತು. ಗುಬುಟಿಗೆ ಕೈ ಹಾಕುವಷ್ಟರಲ್ಲಿ ಹೀರೋ ಮೂರನೆಯ ಗುದ್ದು ಹಾಕಿಯೇಬಿಟ್ಟ. ತೊಲೆಯ ಸಂದಿಯಿಂದ ಒಂದು ಇಲಿ ಇಳಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲು ಆಗಲಿಲ್ಲ. ಹಿರಿಯರು ಮುಂದೆ, ಮಕ್ಕಳು ಹಿಂದೆ, ಇಡೀ ಕುಟುಂಬ ಪಡಸಾಲೆಯ ನಡುವೆ ಹಾಯ್ದು ಮುಂಬಾಗಿಲಿನಿಂದ ಹೊರಗೆ ಹೋಯಿತು. ಹೆಂಗಸರು ಮಂಚ ಹತ್ತಿದರು, ಗಂಡಸರು ಅವರಿಗಿಂತ ಮೊದಲೇ ಹತ್ತಿದ್ದರು. ಅಜ್ಜಿ ಮಾತ್ರ ನಿಂತಲ್ಲೇ ನಿಂತು ನೋಡಿದಳು.

"ಇನ್ನೊಂದ ಸಲ ಹಚ್ಚಲೇ ಅದನ್ನ."

ಹಚ್ಚಿದೆ. ಉಳಿದವೂ ಇಳಿದು ಹೋದವು.

"ಬೆಕ್ಕ ಸಾಕಿದೆ, ಬೋನ ಇಟ್ಟೆ, ಔಷಧ ಹಾಕಿದೆ. ಇಷ್ಟು ದುಡದದ್ದು ಯಾವುದೂ ಇಲ್ಲ. ಇದನ್ನ ಇಲ್ಲೇ ಇಟ್ಟ ಹೋಗಲೇ ತಮ್ಮಾ" ಅಂದಳು ಅಜ್ಜಿ. ಗೌಡರು ರುಮಾಲು ಜಾಡಿಸುತ್ತಾ ಹೂಂ ಅಂದರು. ನನಗೆ ಅಜ್ಜಿಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಓಡಿ ಹೋಗಿ ಅಪ್ಪನಿಗೆ ಹೇಳಿದೆ.

"ಇಲಿ ಓಡಸಾಕ ತಗೊಂಡ್ರೇನು?" ಅಂದ ಅಪ್ಪ.

"ಯಾತಕ್ಕರ ತಗೊಳ್ಳಲಿ, ಮಾರಿತಲ್ಲ!"

ಅಪ್ಪ ಗಾದಿಯಿಂದ ಎದ್ದ. ಲೋಡನ್ನು ಎತ್ತಿ ಒಳಗಿಟ್ಟ.

ಮರುದಿನ ಮುಂಜಾನೆ ಗೌಡರ ಬಾಜೂ ಮನೆಯವರು ಅಂಗಡಿಯ ಮುಂದೆ ನಿಂತಿದ್ದರು. "ಗೌಡರ ಮನಿ ಇಲಿ ಎಲ್ಲಾ ನಮ್ಮ ಮನಿಗೆ ಬಂದಾವ. ನಮಗೂ ಒಂದು ಪೆಟ್ಟಿಗಿ ಬೇಕು." ಅವರಲ್ಲಿ ಟೀವಿ ಇರಲಿಲ್ಲ, ಹೊಸ ಪೆಟ್ಟಿಗೆ ಮಾಡಿಸಿ, ಹೊಡೆದಾಟದ ಸದ್ದನ್ನು ಕ್ಯಾಸೆಟ್ಟಿಗೆ ತುಂಬಿ, ಟೇಪಿಗೇ ಜೋಡಿಸಿ ಕೊಟ್ಟೆ. ಮೂರು ದಿನದಲ್ಲಿ ಅವರ ಬಾಜೂ ಮನೆಯವರು ಬಂದರು. ಆಮೇಲೆ ಅವರ ಬಾಜೂ ಮನೆಯವರು. ಬಡಿಗೇರರಿಗೆ ಬಾಗಿಲು ಕಿಟಕಿಯ ಕೆಲಸ ಬಿಟ್ಟುಹೋಯಿತು. ಸಿನೆಮಾಕ್ಕೆಂದು ಒಂದೂವರೆ ತಿಂಗಳು ಅಂಗಲಾಚಿದಾಗ ಒಬ್ಬರಿಗೂ ಬೇಡವಾದ ಪೆಟ್ಟಿಗೆ, ಇಲಿಗೆಂದ ಕೂಡಲೇ ಮನೆಗೊಂದು ಬೇಕಾಯಿತು. ದಿನಾ ರಾತ್ರಿ ಹತ್ತು ಗಂಟೆಗೆ ಓಣಿಯಲ್ಲಿ ಎಲ್ಲ ಮನೆಯಿಂದಲೂ ಹೊಡೆದಾಟ ಕೇಳುತ್ತಿತ್ತು. ನಾನು ಕಾಲ ಮೇಲೆ ಕಾಲು ಹಾಕಿ ಕೂತು, ಅಂಗಡಿಗೆ ಹೊಸ ಬೋರ್ಡು ಬರೆಸುವ ಯೋಚನೆ ಮಾಡುತ್ತಿದ್ದೆ.

ದೀಪಾವಳಿಯ ಹಿಂದಿನ ದಿನ ಅಪ್ಪ ನನ್ನ ಅಂಗಡಿಗೆ ಬಂದ. ತೆರೆದಾಗಿನಿಂದ ಅದೇ ಮೊದಲ ಸಲ. ಕೈಯಲ್ಲಿ ಜಾಳಿಗೆಯಂತೆ ತೂತು ಬಿದ್ದ ಒಂದು ಖಾಲಿ ಚೀಲವಿತ್ತು. ಅದನ್ನು ನನ್ನ ಮೇಜಿನ ಮೇಲೆ ಹರವಿದ.

"ಈ ಓಣಿ ಎಲ್ಲಿ ಮುಗೀತೈತಲೇ?"

"ನಿನ್ನ ಅಡತಿ ಅಂಗಡಿಗೆ."

"ಅಲ್ಲಿಂದ ಆಚಿ ಏನೈತಿ?"

"ಏನಿಲ್ಲ. ಬಯಲು."

"ಜ್ವಾಳದ ಚೀಲಾ ಬಿಟ್ಟು ಬಯಲಿಗೆ ಹೋಗಾಕ ಇಲಿಗೇನು ಹುಚ್ಚ ಹಿಡದೈತೇನಲೇ?"

ನಾನು ಚೀಲ ನೋಡಿದೆ, ಅಪ್ಪನ ಮುಖ ನೋಡಿದೆ. "ನಿಂಗೂ ಒಂದ ಪೆಟ್ಟಿಗಿ ಮಾಡಿ ಕೊಡತೀನಪ್ಪಾ" ಅಂದೆ.

"ಒಂದ ಸಾಲೂದಿಲ್ಲ. ಓಣಿಗೆ ಓಣೀನ ನನ್ನಲ್ಲಿ ಬಂದು ಕುಂತೈತಿ. ನಾಕ ಬೇಕು. ಮತ್ತ ಮುಂಜಾನಿಂದ ಸಂಜೀತನಾ ಅವನ್ನ ಹಚ್ಚಾಕ, ಆರಸಾಕ, ಸುಟ್ಟರ ರಿಪೇರಿ ಮಾಡಾಕ ಒಬ್ಬಾಂವ ಬೇಕು. ಊರಾಗ ಆ ಕೆಲಸಾ ಬಲ್ಲಾಂವ ನೀನೊಬ್ಬನ."

"ಪೆಟ್ಟಿಗಿ ಮಾರಿದ್ರ ನಿನ್ನ ಅಂಗಡಿ ನೀ ನಡಸು ಅಂದಿದ್ದೆಲ್ಲಪ್ಪಾ!"

ಅಪ್ಪ ಚೀಲವನ್ನು ನೀಟಾಗಿ ಮಡಚಿ ಬಗಲಿಗೆ ಇರಿಸಿಕೊಂಡ.

"ನಡಸಬ್ಯಾಡ ಅಂದ್ನೇನು? ತಂದು ನನ್ನ ಬಾಜೂಕ ಇಟಗೊಂಡು ನಡಸು."