ಮಾವನ ಒಲೆ, ಅಜ್ಜಿಯ ಅಟ್ಟ

ಮಾವ ಹಾರೆ ಹಿಡಿದು ಅಡುಗೆಮನೆಗೆ ನುಗ್ಗಿದ ದಿನ ಅಲ್ಲಿದ್ದವರು ಮೂವರು: ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಅಜ್ಜಿ, ಒಲೆ ಆರಿಸಿ ಕೆಮ್ಮುತ್ತಾ ಕುಳಿತಿದ್ದ ಅತ್ತೆ, ತಿಂಡಿಗೆ ಕಾಯುತ್ತಿದ್ದ ನಾನು. ತಿಪಟೂರಿನ ಕಾಲೇಜಿಗೆ ಹೋಗಲೆಂದು ಆಗ ನಾನು ಹೊನ್ನವಳ್ಳಿಯ ಸೋದರಮಾವನ ಮನೆಯಲ್ಲಿದ್ದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಪಂಚದಲ್ಲಿ ಎಲ್ಲಿ ಬೆಂಕಿ ಉರಿದರೂ ಅದಕ್ಕೆ ಸೌದೆ ತನ್ನ ಹಿತ್ತಿಲಿನಿಂದಲೇ ಹೋಗುತ್ತಿದೆ ಎಂದು ನಂಬಿದ್ದ ಏಕೈಕ ಮನುಷ್ಯ ನಮ್ಮ ಮಾವ!

ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲ ಅದು. ಪೇಪರು ಓದಿ ಮಾವ ನಿಟ್ಟುಸಿರು ಬಿಡುವರು: "ಲೋಕಕ್ಕೆಲ್ಲ ಎಣ್ಣೆ ಬರ ಬಂದೈತೆ ಕಣ್ಲಾ. ಇರೋ ಬೆಂಕೀಲೇ ಎಲ್ಡು ಕೆಲಸ ತಗೀಬೇಕು."

ತೆಗೆದರೂ ತೆಗೆದರು! ಅನ್ನ ಅರ್ಧ ಬೆಂದೊಡನೆ ಪಾತ್ರೆಯನ್ನು ಇಳಿಸಿ, ಹುಲ್ಲು ತುಂಬಿದ ಕುಕ್ಕೆಯಲ್ಲಿ ಹೂತು, ಮೇಲೊಂದು ಕಂಬಳಿ ಹೊದಿಸುವರು. ಮಿಕ್ಕರ್ಧ ತನ್ನ ಕಾವಿಗೆ ತಾನೇ ಬೇಯಬೇಕು. ಒಮ್ಮೆ ಹುಳಿಯಾರಿನಿಂದ ಬಂದ ಬೀಗರು ಅತ್ತೆ ಹುಲ್ಲು ಕೆದಕುವುದನ್ನು ನೋಡಿ ಕಂಗಾಲಾದರು.

"ಇದೇನವ್ವಾ, ಅನ್ನಕ್ಕೆ ಚಳಿಜ್ವರವಾ?"

"ಜ್ವರ ಇಳೀಬಾರ್ದು ಅಂತ್ಲೇ ಹೊದಿಸಿರೋದು ಕಣ್ರೀ!" ಎಂದರು ಮಾವ.

ಹಾರೆಯ ದಿನ ಹಳೆಯ ಒಲೆ ನೆಲಸಮವಾಯಿತು. ಮೂರನೆಯ ದಿನಕ್ಕೆ ಮಾವನೇ ಮಣ್ಣು ಕಲಸಿ ಹೊಸದು ಕಟ್ಟಿದರು. ಸೌದೆ ಮೊದಲಿನ ಅರ್ಧ ಸಾಕು, ಹೊಗೆ ಕೊಳವೆಯಲ್ಲಿ ಏರಿ ಸೂರಿನಾಚೆ! ಆದರೆ ಬೀದಿಯವರಿಗೆ ಇದು ಗೊತ್ತಿರಬೇಕಲ್ಲ? "ಅಯ್ಯೋ, ಮನೆ ಹೊತ್ಕೊಂಡೈತೆ!" ಎಂದು ಕೊಡ ಹಿಡಿದು ಓಡಿಬಂದರು. ಅವರು ಎರಚಿದ ನೀರು ಹೆಂಚಿನ ಸಂದಿಯಲ್ಲಿ ಇಳಿದು ನೇರವಾಗಿ ಮಾವನ ನೆತ್ತಿಗೆ!

ನಿಜವಾದ ಗಂಡಾಂತರ ಬಂದದ್ದು ಮಳೆಗಾಲದಲ್ಲಿ. ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿಯನ್ನು ಕಿತ್ತೊಡನೆ ಒಡೆಯುವುದಿಲ್ಲ. ಅಟ್ಟಕ್ಕೇರಿಸಿ ವರ್ಷ ಕಾಯುತ್ತೇವೆ. ಒಳಗಿನ ನೀರು ಇಂಗಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಎಂದಿತೋ, ಉಂಡೆ ಕೊಬ್ಬರಿ ಆಯಿತೆಂದು ಲೆಕ್ಕ. ಅಟ್ಟ ಇರುವುದು ಅಡುಗೆಮನೆಯ ನೆತ್ತಿಯ ಮೇಲೆ. ಮಳೆಗಾಲದಲ್ಲಿ ಅದನ್ನು ಬೆಚ್ಚಗಿಡುತ್ತಿದ್ದುದು ಯಾವುದು? ಮಾವ ಮನೆಬಿಟ್ಟು ಓಡಿಸಿದ ಅದೇ ಹೊಗೆ!

ಅಜ್ಜಿ ಕಾಯೊಂದನ್ನು ಇಳಿಸಿ ಅಲ್ಲಾಡಿಸಿದರು. ಕುಳುಕುಳು, ಒಳಗೆ ಇನ್ನೂ ನೀರು. ಇನ್ನೊಂದು ಒಡೆದರು. ಬೂಷ್ಟು!

"ಲೇ, ಲೋಕ ಉದ್ಧಾರ ಮಾಡೋನೇ! ವರ್ಷದ ಕೊಬ್ಬರಿ ಹೋಯ್ತಲ್ಲೋ. ನಾಳೆ ಸೋಮವಾರ. ಮುಂದ್ಲ ಸೋಮವಾರದೊಳಗೆ ಹಳೇ ಒಲೆ ಹಾಕ್ದೆ ಇದ್ರೆ ನಾನೇ ಹಾರೆ ತಗೀತೀನಿ!"

"ಹಾಕ್ಬುಡಿ ಕಣ್ರೀ. ನಂಗೇನು, ಹೊಗೆ ಅಭ್ಯಾಸ ಆಗೈತೆ" ಎಂದರು ಅತ್ತೆ. ಮಾವ ಅವರ ಮುಖವನ್ನೇ ನೋಡಿದರು. 

ಮರುದಿನದಿಂದ ಮಾವನ ವಾಸ ಅಟ್ಟದಲ್ಲೇ. ಊಟವೂ ಏಣಿ ಹತ್ತಿ ಹೋಗುತ್ತಿತ್ತು. ಖಾಲಿ ಎಣ್ಣೆ ಡಬ್ಬಗಳನ್ನು ಸೀಳಿ, ಸುರುಳಿ ಸುತ್ತಿ, ತಗಡಿನ ಕೊಳವೆ ಮಾಡಿದರು. ನೆಟ್ಟಗೆ ಹೊರಗೆ ಹೋಗುತ್ತಿದ್ದ ಹೊಗೆ ಈಗ ಕೊಳವೆಯೊಳಗೇ ಅಟ್ಟದ ಉದ್ದಕ್ಕೂ ಓರೆಯಾಗಿ ಸಾಗಿ ಆಮೇಲೆ ಹೊರಬೀಳುತ್ತಿತ್ತು. ಬಿಸಿ ಕಾಯಿಗೆ, ಹೊಗೆ ಆಕಾಶಕ್ಕೆ! ಗಡುವಿನ ಸೋಮವಾರ ಅಜ್ಜಿ ಅಟ್ಟಕ್ಕೆ ಕೈಚಾಚಿ ನೋಡಿದರು. ಬೆಚ್ಚಗಿತ್ತು. ಹಾರೆ ಮೂಲೆಯಲ್ಲೇ ಉಳಿಯಿತು.

ಕೆಲವು ಕಾಯಿ ಹೋದವು, ನಿಜ. ಬೇಸಿಗೆಯ ಹೊತ್ತಿಗೆ ಮಿಕ್ಕವು ಮಸಿ ಹಿಡಿಯದೆ, ಒಂದಕ್ಕಿಂತ ಒಂದು ಜೋರಾಗಿ ಲೊಟಲೊಟ ಎಂದವು. ಅಜ್ಜಿ ಹಿತ್ತಿಲ ನೀರೊಲೆ ತೋರಿಸಿ, "ಇದಕ್ಕೂ ಒಂದು ಕೊಳವೆ ಇಡೋ" ಎಂದರು!

ಜಗಲಿಯಲ್ಲಿ ಕುಳಿತಿದ್ದ ಮಾವನನ್ನು ಕೆಣಕಿದೆ: "ಅಂತೂ ಸೌದೆ ಉಳಿಸೋಕೆ ಇಷ್ಟೆಲ್ಲ ಪಾಡು ಪಟ್ರಲ್ಲ ಮಾವ?"

"ಸೌದೆ ಬುಡ್ಲಾ" ಎಂದರು ಮೆಲ್ಲಗೆ. "ಹೆಣ್ಣು ನೋಡೋಕೆ ಹೋದಾಗ ನಿಮ್ಮತ್ತೆ ಹಾಡಿದ್ಲು. ನಮ್ಮನೆ ಒಲೆ ಮುಂದೆ ಕೂತ ಮೇಲೆ ಬರೀ ಕೆಮ್ಮೇ ಕೇಳಿದ್ದು."

ಅಂದು ಸಂಜೆ ಅತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಾ ಹಾಡಿದರು. ಒಮ್ಮೆಯೂ ಕೆಮ್ಮಲಿಲ್ಲ.