ಸರಸ್ವತಿಯ ಎರಡನೇ ಕಣ್ಣು

ನಾನು ಸುಮ್ಮನೆ ಕೂತಿದ್ದರೆ ಮನೆಯಲ್ಲಿ ಯಾರಿಗೂ ನನ್ನ ನೆನಪಿರುವುದಿಲ್ಲ. ಕುಂಚ ಹಿಡಿದೆನೋ, ಕುಕ್ಕರು, ಕರೆಗಂಟೆ, ಗಂಡ ಮೂವರೂ ಒಟ್ಟಿಗೆ ಕೂಗುತ್ತಾರೆ. ಇದು ತಪ್ಪಿದ ದಿನವೇ ಇಲ್ಲ.

ಮಸ್ಕತ್ತಿನ ದಾರ್ಸೈಟ್‌ನಲ್ಲಿ ನಮ್ಮ ಮನೆ. ವಾರಕ್ಕೆ ಐದು ದಿನ ಆಫೀಸಿನ ಕಡತ ಕಾಯುವುದು ನನ್ನ ಕೆಲಸ. ಹುಡುಗಿಯಾಗಿದ್ದಾಗ ಕಲಿತ ಮೈಸೂರು ಶೈಲಿಯ ಚಿತ್ರಕಲೆಯನ್ನು ಮತ್ತೆ ಹಿಡಿದು, ಒಂದು ಸರಸ್ವತಿಯನ್ನು ಬರೆಯತೊಡಗಿ ವರ್ಷವಾಗಿತ್ತು. ಅದು ಮುಗಿಯದೆ ಮುಂದಿನ ರಜೆಗೆ ಊರಿಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ಇಲ್ಲಿಯ ವಾರದ ರಜೆಯಾದ ಶುಕ್ರವಾರ ಬೆಳಗ್ಗೆ ಒಂಬತ್ತರಿಂದ ಹನ್ನೊಂದು ನನ್ನ ಹೊತ್ತು, ಆಗ ನನ್ನನ್ನು ಯಾರೂ ಮಾತಾಡಿಸಕೂಡದು ಎಂದು ಸಾರಿದೆ.

ಎಸಿಯಲ್ಲಿ ಸಿಕ್ಕ ಚಿನ್ನ

ಸರಸ್ವತಿಯ ಒಡವೆಗಳಿಗೆ ಚಿನ್ನದ ರೇಕು ಅಂಟಿಸಬೇಕಿತ್ತು. ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗುವ ವಸ್ತು ಅದು. ಹಾಗಾಗಿ ಜೂನ್ ತಿಂಗಳ ಒಂದು ಶುಕ್ರವಾರ ಇಡೀ ಮನೆಯ ಎಸಿಯ ಮೇನ್ ಸ್ವಿಚ್ಚನ್ನೇ ಆರಿಸಿ ಕೂತೆ.

ಒಳಗೆ ಮಲಗಿದ್ದ ನನ್ನವರು ಬೆವರಿನಲ್ಲಿ ತೊಯ್ದು ಎದ್ದರು. ನನ್ನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಾತಾಡಿಸಕೂಡದು ಎಂದಿದ್ದೆನಲ್ಲ, ಮದುವೆಯಾದ ಮೇಲೆ ಮೊದಲ ಸಲ ನನ್ನ ಮಾತು ಕೇಳಿದರು. ಸದ್ದಿಲ್ಲದೆ ಎಸಿ ರಿಪೇರಿ ಮಾಡುವ ಚಾಚಾಗೆ ಫೋನ್ ಹಚ್ಚಿದರು.

ಚಾಚಾ ಬಂದವರೇ ಸ್ವಿಚ್ ಹಾಕಿ ಗಾಳಿಯನ್ನು ಪೂರ್ತಿ ಜೋರು ಮಾಡಿದರು. ಕಿರೀಟಕ್ಕೆಂದು ಕತ್ತರಿಸಿಟ್ಟಿದ್ದ ರೇಕೆಲ್ಲ ಎದ್ದು ಹಾರಿ, ಅವರ ಮದರಂಗಿ ಹಚ್ಚಿದ ಗಡ್ಡಕ್ಕೆ ಅಂಟಿಕೊಂಡಿತು. ಚಾಚಾ ಕನ್ನಡಿ ನೋಡಿಕೊಂಡು ಹಿಂದಿಯಲ್ಲಿ ಹೇಳಿದರು: "ಮೇಡಂ, ಇಪ್ಪತ್ತು ವರ್ಷದಿಂದ ಎಸಿ ಬಿಚ್ಚುತ್ತಿದ್ದೇನೆ. ಧೂಳು ಬಂದಿದೆ, ಹಲ್ಲಿ ಬಂದಿದೆ. ಚಿನ್ನ ಬಂದದ್ದು ಇದೇ ಮೊದಲು."

ಗಂಜಿ

ಮುಂದಿನ ವಾರ ಬುದ್ಧಿ ಉಪಯೋಗಿಸಿದೆ. ಕಟ್ಟಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ "ಒಂಬತ್ತರಿಂದ ಹನ್ನೊಂದರವರೆಗೆ ನಾನು ಸಿಗುವುದಿಲ್ಲ, ದಯವಿಟ್ಟು ಬಾಗಿಲು ತಟ್ಟಬೇಡಿ" ಎಂದು ಹಾಕಿದೆ.

ಒಂಬತ್ತೂ ಐದಕ್ಕೆ ಬಾಗಿಲು ತಟ್ಟಿದ ಸದ್ದು. ಎದುರು ಮನೆಯ ಮಂಗಳೂರಿನ ಬ್ಯಾರಿ ಹೆಂಗಸು, ರೂವಿ ಪೇಟೆಯ ಬಟ್ಟೆ ಅಂಗಡಿಯವರ ಮನೆಯಾಕೆ, ಗಂಜಿಯ ಪಾತ್ರೆ ಹಿಡಿದು ನಿಂತಿದ್ದರು.

"ಎಂತ ಆಯ್ತು ಮಾರಾಯ್ರೆ? ಹೀಗೆ ಬಾಗಿಲು ಹಾಕಿ ಒಬ್ರೇ ಕೂತ್ಕೊಳ್ಬಾರ್ದು. ಗಂಡಸ್ರೆಲ್ಲ ಹಾಗೇ."

"ಅಯ್ಯೋ, ಜಗಳ ಏನೂ ಇಲ್ಲ. ಚಿತ್ರ ಬರೀತಿದೀನಿ ಅಷ್ಟೆ."

"ನಂಗೆ ಗೊತ್ತುಂಟು. ತುಂಬಾ ಬೇಜಾರಾದ್ರೆ ನಾನೂ ಕಪಾಟು ಖಾಲಿ ಮಾಡಿ ಪುನಃ ಜೋಡಿಸ್ತೇನೆ."

ಹನ್ನೊಂದರವರೆಗೂ ಕೂತು ಸಮಾಧಾನ ಮಾಡಿದರು. ಗಂಜಿ, ಉಪ್ಪಿನಕಾಯಿಯ ಪರಿಮಳಕ್ಕೆ ನನ್ನವರು ನಗುತ್ತಾ ಹೊರಗೆ ಬಂದರು. ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿ, ಪಾತ್ರೆಯ ಮುಚ್ಚಳ ಮುಚ್ಚಿ, "ಇವರಿಗೆ ಇಲ್ಲ" ಎಂದರು.

ಕಾವಲು

ಗಂಜಿ ತಪ್ಪಿದ ಮೇಲೆ ನನ್ನವರಿಗೂ ಜ್ಞಾನೋದಯವಾಯಿತು. "ಇನ್ನು ನಿನ್ನ ಹೊತ್ತಿಗೆ ನಾನು ಗ್ಯಾರಂಟಿ" ಎಂದು ಕೋಣೆಯ ಹೊರಗೆ ಕುರ್ಚಿ ಹಾಕಿ ಕೂತರು. ಮಗಳು ಬಂದರೆ "ಶ್" ಅಂದರು, ಕುಕ್ಕರನ್ನೂ ತಾವೇ ಆರಿಸಿದರು.

ಆದರೆ ಕಟ್ಟಡ ಕಟ್ಟುವ ಸೈಟಿನಲ್ಲಿ ಕೆಲಸ ಮಾಡಿಸುವವರು ನೋಡಿ, ತಪಾಸಣೆ ಇಲ್ಲದೆ ಇರಲಾರರು. ಕಾಲು ಗಂಟೆಗೊಮ್ಮೆ ಬಾಗಿಲು ತೆರೆದು ತಲೆ ಹಾಕಿ, "ಯಾರೂ ತೊಂದರೆ ಕೊಡ್ತಿಲ್ಲ ತಾನೆ?" ಎನ್ನುವರು. ಐದನೇ ಸಲ ನನಗೆ ರೇಗಿತು.

"ಒಬ್ರು ಕೊಡ್ತಿದಾರೆ."

"ಯಾರೇ ಅದು?" ಎಂದು ಅಂಗಿಯ ತೋಳು ಮಡಿಸುತ್ತಾ ಒಳಗೇ ನುಗ್ಗಿದರು.

ಜ್ವರ

ಕೊನೆಗೆ ಉಳಿದದ್ದು ಕಣ್ಣುಗಳು. ನಮ್ಮ ಪದ್ಧತಿಯಲ್ಲಿ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಎರಡನ್ನೂ ಒಂದೇ ಪಟ್ಟಿಗೆ ಕೂತು ಬರೆಯಬೇಕು, ನಡುವೆ ಹೊತ್ತು ಕಳೆದರೆ ನೋಟ ಕೂಡುವುದಿಲ್ಲ ಎಂದು ನನಗೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು. ನೋಟ ಕೆಟ್ಟರೆ ವರ್ಷದ ಕೆಲಸ ನೀರಿನಲ್ಲಿ ಹೋಮ.

ಶುಕ್ರವಾರವನ್ನು ನಂಬುವಂತಿರಲಿಲ್ಲ. ಸೋಮವಾರ ಬೆಳಗ್ಗೆ ಆಫೀಸಿಗೆ ಫೋನ್ ಮಾಡಿ, ಕೆಮ್ಮಿನ ಸಮೇತ "ಜ್ವರ" ಎಂದೆ. ಗಂಡ ಸೈಟಿಗೆ, ಮಗಳು ಸ್ಕೂಲಿಗೆ. ಮನೆ ತಣ್ಣಗಿತ್ತು. ಹನ್ನೊಂದರ ಹೊತ್ತಿಗೆ ಬಲಗಣ್ಣು ಮುಗಿಯಿತು. ದೇವಿ ನನ್ನನ್ನು ನೋಡಿದಳು. ಆ ಸಂತೋಷ ಹೇಳಿ ತೀರದು.

ಆಗ ಕರೆಗಂಟೆ ಬಡಿಯಿತು. ನಾನು ಅಲುಗಲಿಲ್ಲ. ಮೊಬೈಲ್ ಕೂಗಿತು, ಆಫೀಸಿನವರ ಮೆಸೇಜು: "ಬಾಗಿಲ ಹೊರಗಿದ್ದೇವೆ. ಏಳಲಾಗದಿದ್ದರೆ ವಾಚ್‌ಮನ್‌ನಿಂದ ಕೀ ತರಿಸುತ್ತೇವೆ."

ಒಮಾನಿಗಳಲ್ಲಿ ಕಾಯಿಲೆಯಾದವರನ್ನು ನೋಡಿಬರುವುದು ದೊಡ್ಡ ಧರ್ಮ. ಅದೇ ಆಫೀಸಿನಲ್ಲಿ ಒಂಬತ್ತು ವರ್ಷ ದುಡಿದ ನನಗೆ ಅದು ಮರೆತೇಹೋಗಿತ್ತು. ಬಾಗಿಲು ತೆರೆದರೆ ಬಿಳಿ ನಿಲುವಂಗಿಯ ಒಮಾನಿ ಮ್ಯಾನೇಜರ್, ರಿಸೆಪ್ಷನ್ನಿನ ಹುಡುಗಿ, ಅಕೌಂಟೆಂಟ್, ಡ್ರೈವರ್. ಜೊತೆಗೆ ಒಂದು ಪೆಟ್ಟಿಗೆ ಸೇಬು, ಹಲ್ವ. ನನ್ನ ಕೈಯಲ್ಲಿ ಕುಂಚ, ಕೆನ್ನೆಯಲ್ಲಿ ಕಪ್ಪು ಬಣ್ಣ.

ಹುಡುಗಿ ನನ್ನ ಹಣೆ ಮುಟ್ಟಿ, "ತಣ್ಣಗಿದೆ ಸರ್" ಎಂದಳು.

ಮ್ಯಾನೇಜರ್ ಚಿತ್ರ ನೋಡಿದರು. "ಈ ತಾಯಿಗೆ ಯಾಕೆ ಒಂದೇ ಕಣ್ಣು?"

"ಇನ್ನೊಂದನ್ನು ಬರೆಯೋ ಹೊತ್ತಿಗೆ ನೀವು ಬಂದಿರಿ ಸರ್. ತಡವಾದ್ರೆ ಕೆಟ್ಟುಹೋಗುತ್ತೆ" ಎಂದೆ. ನಾಚಿಕೆಯಿಂದ ಸತ್ತೇಹೋದೆ.

ಅವರು ಗಡ್ಡ ನೀವಿಕೊಂಡರು. "ನಮ್ಮಪ್ಪ ಸೂರ್ ಬಂದರಿನಲ್ಲಿ ಮರದ ಹಡಗು ಕಟ್ಟುತ್ತಿದ್ದರು. ಹಡಗಿನ ಹಿಂಬದಿಗೆ ಹೂಬಳ್ಳಿ ಕೆತ್ತುವಾಗ ಮಾತಾಡಿಸಿದರೆ ಕೈಗೆ ಸಿಕ್ಕದ್ದನ್ನು ಎಸೆಯುತ್ತಿದ್ದರು." ಮಿಕ್ಕವರತ್ತ ತಿರುಗಿ, "ಯಲ್ಲಾ, ಬೇಗ, ಎಲ್ಲರೂ ಕೂತುಕೊಳ್ಳಿ. ಫೋನ್ ಬಂದ್. ಯಾರೂ ಉಸಿರೆತ್ತಬೇಡಿ" ಎಂದರು.

ನಾಲ್ವರೂ ಸೋಫಾದಲ್ಲಿ ಸಾಲಾಗಿ ಕೂತರು. ಡ್ರೈವರ್ ಸೇಬಿನ ಪೆಟ್ಟಿಗೆಯನ್ನು ತೊಡೆಯಿಂದ ಕೆಳಗೂ ಇಡಲಿಲ್ಲ. ಇಪ್ಪತ್ತು ನಿಮಿಷ ಒಂದು ಪಿಸುಮಾತಿಲ್ಲ. ಎಡಗಣ್ಣು ಕೂಡಿತು, ನೋಟ ನಿಂತಿತು. ನನಗೆ ಅಳು ಬಂತು. ನಾನು ಚಿತ್ರ ಬರೆಯಲೆಂದು ಇಷ್ಟು ಜನ ಒಟ್ಟಿಗೆ ಸುಮ್ಮನಿದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು.

ಮರುದಿನ ಅಂಜುತ್ತಾ ರಜೆಯ ಫಾರಂ ತುಂಬಿದೆ. ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಬೇಕಾದ ಜಾಗ ಖಾಲಿ ಇತ್ತು. ಮ್ಯಾನೇಜರ್ ಪೆನ್ನು ತೆಗೆದು ಅಲ್ಲಿ ತಾವೇ ಬರೆದು ಸಹಿ ಹಾಕಿದರು: "ನಾನೇ ಹೋಗಿ ನೋಡಿಬಂದೆ. ಕಾಯಿಲೆ ನಿಜ. ವಾಸಿಯಾಗುವ ಲಕ್ಷಣವಿಲ್ಲ."