ಢಂ ಅನ್ನಲಾರದ ಪಿಸ್ತೂಲು

"ನನ್ನ ಪಿಸ್ತೂಲು ಎಂದೂ ಕೈ ಕೊಡೂದಿಲ್ಲ!" ಅಂತ ಖಾನಾಪುರದ ಹೆಡ್ ಮಾಸ್ತರಿಗೆ ಕಾರ್ಡ್ ಬರದು ಹಾಕಿದೆ. ಹೆದರಬ್ಯಾಡ್ರಿ, ಮಂದೀನ ಕೊಲ್ಲೋ ಪಿಸ್ತೂಲ್ ಅಲ್ಲ. ಓಟದ ಸ್ಪರ್ಧಾ ಚಾಲೂ ಮಾಡೂದು. ಅಂಗೈಯಾಗ ಮುಚ್ಚುವಷ್ಟು ಸಣ್ಣದು, ಬರೇ ಸಪ್ಪಳದ ತೋಟಾ ಹಾಕೂದು.

ನಾ ಡ್ರಿಲ್ ಮಾಸ್ತರ. ಎಂಬತ್ತನೇ ಇಸ್ವಿ ಸುಮಾರಿಗೆ ನಿವೃತ್ತ ಆಗಿ ಬೆಳಗಾವಿ ಶಿವಬಸವ ನಗರದಾಗ ಒಬ್ಬನ ಇದ್ದೆ. ಹೆಂಡತಿ ನೀಲವ್ವ ತೀರಿಕೊಂಡು ಎರಡು ವರ್ಷ ಆಗಿತ್ತು. ಹಾಲಿನವ ಸೈತ ಚರಗಿಗೆ ಹಾಲು ಸುರುವಿ ಮಾತಾಡದ ಹೋಗತಿದ್ದ. ವರ್ಷಕ್ಕ ಒಂದ ದಿನ, ಖಾನಾಪುರದ ಸಾಲಿಯ ಆಟದ ದಿನ, ನನ್ನ ಕರೀತಿದ್ರು. ಅದಕ್ಕಂತ ವರ್ಷಪೂರ್ತಿ ಕಾಯತಿದ್ದೆ.

ಹಿಂದಿನ ಸಲ ಒಂದೆರಡು ತೋಟಾ ಹಾರಿದ್ದಿಲ್ಲ. ತೋಟಾ ಹಳೇವು ಅಂತ ತೀರ್ಮಾನ ಮಾಡಿ ಹೊಸಾವು ತಂದೆ. ಮುಂಜಾಗ್ರತಾ ಕ್ರಮವಾಗಿ ಪಿಸ್ತೂಲಿಗೆ ಎಣ್ಣಿನೂ ಬಿಟ್ಟೆ. ಮಷಿನ್ ಎಣ್ಣಿ ಮನಿಯಾಗ ಇರಲಿಲ್ಲ. ಶೇಂಗಾ ಎಣ್ಣಿ ಇತ್ತು!

ಮೈದಾನದಾಗ ಎಂಟು ಹುಡುಗ್ರು ಗೆರಿ ಮ್ಯಾಲ ಬಗ್ಗಿದ್ರು. ನಾ ಬಿಳಿ ಟೊಪ್ಪಿಗಿ ಸರಿ ಮಾಡಿಕೊಂಡು ಕೈ ಎತ್ತಿದೆ. "ಆನ್ ಯುವರ್ ಮಾರ್ಕ್! ಸೆಟ್!"

ಟಿಕ್.

ಮೂವರು ಓಡಿದ್ರು, ಐದು ಮಂದಿ ನನ್ನ ಮಾರಿ ನೋಡಿದ್ರು. ವಾಪಸ್ ಕರದು ತೋಟಾ ಬದಲಿಸಿದೆ. ಟಿಕ್. ಈ ಸಲ ಆ ಐದು ಮಂದಿ ಓಡಿದ್ರು, ಮೊದಲಿನ ಮೂವರು ಶಾಣ್ಯಾರಾಗಿ ನಿಂತ್ರು. ಎಣ್ಣಿ ಮಾತ್ರ ತೋಳಿನಗುಂಟ ಇಳಿದು ಬಗಲಾ ಮುಟ್ಟಿತ್ತು.

"ಕಾಯ್ ಝಾಲಂ, ಮಾಸ್ತರ?" ಹೆಡ್ ಮಾಸ್ತರ ಓಡಿ ಬಂದ್ರು. ಗಾಬರಿ ಆದ್ರ ಅವರಿಗೆ ಮರಾಠಿನ ಬಾಯಿಗೆ ಬರತಿತ್ತು.

"ಏನಿಲ್ಲರೀ, ತಾಂತ್ರಿಕ ಅಡಚಣಿ," ಅಂದೆ ಗಂಭೀರವಾಗಿ.

ಮೂರನೇ ಸಲನೂ ಟಿಕ್ ಅಂತು. ಬಾಯಿಲೇನ ಒದರಿದೆ: "ಢಂ!"

ಹುಡುಗ್ರು ನಕ್ಕು ನಕ್ಕು ನೆಲಕ್ಕ ಉರುಳಿದ್ರು. ಓಡಿದವ ಒಬ್ಬನ. ಅವಗ ಮೊದಲ ಬಹುಮಾನ! ಉಳಿದ ಓಟ ಎಲ್ಲಾ ಹೆಡ್ ಮಾಸ್ತರ ಸೀಟಿ ಊದಿ ಮುಗಿಸಿದ್ರು.

ಬಹುಮಾನ ಹಂಚುವಾಗ ಕ್ಷಮಾ ಕೇಳಾಕ ಎದ್ದೆ. "ಇಪ್ಪತ್ತು ವರ್ಷ ಚಲೋ ನಡದಿತ್ತು ನೋಡ್ರಿ ಇದು," ಅಂತ ಪಿಸ್ತೂಲು ಎತ್ತಿ ಒತ್ತಿ ತೋರಿಸಿದೆ. ಢಂ!! ಅಧ್ಯಕ್ಷರ ಚಹಾ ಅವರ ಧೋತರದ ಪಾಲಾತು. ಸಾಲಾಗಿ ಕುಂತಿದ್ದ ಹುಡುಗ್ರೆಲ್ಲಾ ಎದ್ದು ಮೈದಾನದ ಆ ತುದಿಗೆ ಓಡಿದ್ರು. ಆ ದಿನದ ಅತ್ಯುತ್ತಮ ಓಟ ಅದು!

ಬಸ್ಸಿಗೆ ಬಿಡಾಕ ಬಂದ ಹೆಡ್ ಮಾಸ್ತರ, "ಮುಂದಿನ ವರ್ಷ ನೀವು ತ್ರಾಸ ತಗೋಬ್ಯಾಡ್ರಿ, ಸೀಟಿ ಸಾಕು," ಅಂದ್ರು. ನನ್ನ ಕರಿಯೋರು ಇದ್ದದ್ದು ಅದೊಂದ ಊರು. ಅದೂ ಹೋತು.

ಮರುದಿನ ಲೇತ್ ಮಿಸ್ತ್ರಿ ಪಿಸ್ತೂಲು ಬಿಚ್ಚಿ ನೋಡಿದ. "ತೋಟಾಕ್ಕ ಗುದ್ದೋ ಪಿನ್ನಿನ ಮೂತಿ ಸವದೈತ್ರಿ. ತಾಕಿದ್ರ ತಾಕ್ತು, ಇಲ್ಲಂದ್ರ ಇಲ್ಲ. ದಿನಾ ಹೊಡೀತಿದ್ರೇನು?"

"ಛೇ! ವರ್ಷಕ್ಕ ಒಂದ ದಿನ."

"ಸುಳ್ಳ ಹೇಳಬ್ಯಾಡ್ರಿ ಸರ. ಖಾಲಿ ಹೊಡದು ಹೊಡದು ಸವಸೀರಿ ಇದನ್ನ."

ಸಿಕ್ಕಿಬಿದ್ದೆ! ನೀಲವ್ವ ಹೋದ ಮ್ಯಾಲ ಮನಿ ಭಣಭಣ ಅಂತಿತ್ತು. ದಿನಾ ಸಂಜಿಮುಂದ ಆಕಿ ಕುಂದರತಿದ್ದ ಕುರ್ಚಿ ಎದುರು ನಿಂತು "ಆನ್ ಯುವರ್ ಮಾರ್ಕ್, ಸೆಟ್," ಅಂತಿದ್ದೆ. ಟಿಕ್. ಮೂವತ್ತು ಸಲ. ಯಾರೂ ಓಡತಿರಲಿಲ್ಲ, ಖರೇ. ಆದ್ರ ಮನಿಯಾಗ ಏನರೆ ಒಂದು ಸಪ್ಪಳ ಆಗತಿತ್ತು. ಇದನ್ನ ಮಿಸ್ತ್ರಿಗೆ ಹ್ಯಾಂಗ ಹೇಳೂದು? "ಇಲಿ ಓಡಸತಿದ್ನೆಪಾ," ಅಂದೆ.

ಮರುವರ್ಷ ಖಾನಾಪುರದಿಂದ ಕಾರ್ಡ್ ಬಂತು. "ಮಾಸ್ತರ, ನೀವ ಬರಬೇಕು. ಪಿಸ್ತೂಲು ಮಾತ್ರ ತರಬ್ಯಾಡ್ರಿ. ಹುಡುಗ್ರು ಸೀಟಿ ಒಲ್ಲೆ ಅಂತಾರ. ಬಾಯಿಲೇ ಢಂ ಅನ್ನೋ ಮಾಸ್ತರ ಬೇಕಂತ."

ನಾಕು ಸಲ ಓದಿದೆ. ನಕ್ಕೆ, ಕಣ್ಣೂ ಒರಸಿಕೊಂಡೆ. ಪಿಸ್ತೂಲು ಟ್ರಂಕಿನಾಗ ಇಟ್ಟು ತಾಲೀಮು ಸುರು ಮಾಡಿದೆ. ದಿನಾ ಸಂಜಿಮುಂದ, ಅದ ಕುರ್ಚಿ ಎದುರು, ಮೂವತ್ತು ಸಲ: ಢಂ!

ಆಟದ ದಿನ ಬಂತು. ಎಂಟು ಹುಡುಗ್ರು ನನ್ನ ಬಾಯಿಗೇ ಕಿವಿ ಕೊಟ್ಟು ಬಗ್ಗಿದ್ರು. ನಾ ಕೈ ಎತ್ತಿ ಬಾಯಿ ತೆರದೆ. ಟಿಕ್ ಅನ್ನೂವಷ್ಟು ಸಪ್ಪಳನೂ ಬರಲಿಲ್ಲ.

ಈ ಸಲ ಗಂಟಲಾ ಸವದಿತ್ತು!